ಗೇಟಿನ ಲೈಟು ಮತ್ತು ಊರಿನ ವೈರ್‌ಮನ್

ಕಳೆದ ರಜೆಯಲ್ಲಿ ಊರಿಗೆ ಬಂದಾಗ ಎರಡು ಹೊಸ ಮನೆಗಳ ಊಟಕ್ಕೆ ಹೋಗಿದ್ದೆ. ಎರಡೂ ಕಡೆ ಮೊದಲು ತೋರಿಸಿದ್ದು ಲೈಟುಗಳನ್ನು. ಹಾಲ್‌ನಲ್ಲಿ ಝೂಮರ್, ಸೀಲಿಂಗಿನ ಒಳಗೆ ಪಟ್ಟಿ ಲೈಟು, ಕಾಂಪೌಂಡಿನ ಪ್ರತಿ ಕಂಬದ ಮೇಲೆ ಒಂದೊಂದು ಗೋಳ, ಅಂಗಳದ ತೆಂಗಿನ ಮರಕ್ಕೆ ಕೆಳಗಿನಿಂದ ಹಸಿರು ಬೆಳಕು. ಗಲ್ಫಿನ ಬಿಸಿಲಲ್ಲಿ ದುಡಿದು ಕಟ್ಟಿದ ಮನೆ, ಬೆಳಗಲಿ. ಅದಕ್ಕೆ ನನ್ನ ತಕರಾರಿಲ್ಲ. "ಅರ್ಥಿಂಗ್ ಯಾರು ಮಾಡಿದ್ದು?" ಎಂದು ಕೇಳಿದೆ ಅಷ್ಟೆ. ಒಬ್ಬರು ನಕ್ಕರು: "ಅದೆಲ್ಲ ಮೇಸ್ತ್ರಿಯ ಹುಡುಗರೇ ಮಾಡಿದ್ದಾರೆ ಉಸ್ತಾದ್, ನಾವು ನೋಡ್ಲಿಕ್ಕೆ ಹೋಗ್ಲಿಲ್ಲ." ಇನ್ನೊಬ್ಬರಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ.

ಮದ್ರಸದಲ್ಲಿ ಪಾಠ ಹೇಳುವವನಿಗೆ ಈ ಪ್ರಶ್ನೆ ಯಾಕೆ ಅಂತ ನೀವು ಕೇಳಬಹುದು. ನಾನು ಎರಡು ವರ್ಷದಿಂದ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿದ್ದೇನೆ. ಮೊದಲು ಸುರಪುರ ತಾಲೂಕು, ಈಗ ಹುಣಸಗಿ. ಕೃಷ್ಣೆಗೆ ಬಸವಸಾಗರ ಅಣೆಕಟ್ಟು ಕಟ್ಟಿರುವ ನಾರಾಯಣಪುರದ ಕಡೆಯ ಊರು. ಎರೆ ಭೂಮಿ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೆಕೆ. ಅಲ್ಲಿ ನಮ್ಮ ಕಾಂಪೌಂಡಿಗೆ ಲೈಟು ಹಾಕಿಸುವಾಗ ಊರಿನ ವೈರ್‌ಮನ್ ಹೇಳಿದ ರೇಟು ಜಾಸ್ತಿ ಆಯಿತೆಂದು ದೂರದ ಪೇಟೆಯಿಂದ ಒಂದು ತಂಡವನ್ನು ಕರೆಸಿದರು. ಆ ಸಭೆಯಲ್ಲಿ ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಆನ್‌ಲೈನ್‌ನಲ್ಲಿ ತರಿಸಿದ ಲ್ಯಾಂಪುಗಳನ್ನು ಒಂದೇ ದಿನದಲ್ಲಿ ಸಿಕ್ಕಿಸಿ, ಹಣ ತೆಗೆದುಕೊಂಡು ಹೋದರು. ನೋಡಲು ಚಂದವೇ ಇತ್ತು.

ಮೇ ತಿಂಗಳಲ್ಲಿ ಒಂದು ರಾತ್ರಿ ಸಣ್ಣ ಮಳೆ ಬಂತು. ಬೆಳಿಗ್ಗೆ ಇನ್ನೂ ಲೈಟು ಆರಿಸಿರಲಿಲ್ಲ. ಎಂಟು ವರ್ಷದ ಹುಡುಗನೊಬ್ಬ ಬರಿಗಾಲಲ್ಲಿ ಬಂದು ಕಬ್ಬಿಣದ ಗೇಟು ಹಿಡಿದವನು ಕಿರುಚಿ ಹಿಂದಕ್ಕೆ ಬಿದ್ದ. ಅಲ್‌ಹಮ್ದುಲಿಲ್ಲಾಹ್, ಕೈ ಬಿಟ್ಟುಹೋಯಿತು, ಜೀವ ಉಳಿಯಿತು. ಓಡಿಹೋಗಿ ಮೇನ್ ಆಫ್ ಮಾಡಿದೆ. ಲೈಟು ಹಾಕಿದ ತಂಡಕ್ಕೆ ಫೋನ್ ಮಾಡಿದರೆ "ಮುಂದಿನ ವಾರ ನೋಡುವಾ" ಎಂದರು. ನಾವು ರೇಟು ಜಾಸ್ತಿ ಎಂದು ಬಿಟ್ಟಿದ್ದ ಊರಿನ ವೈರ್‌ಮನ್ ಕಾಲು ಗಂಟೆಯೊಳಗೆ ಬೈಕಿನಲ್ಲಿ ಬಂದ. ಜಾತ್ರೆಗೂ ಮೊಹರಂಗೂ ಲೈಟು ಕಟ್ಟುವವನು ಅವನೇ. ಕಂಬದ ಮೇಲಿನ ಲ್ಯಾಂಪು ಬಿಚ್ಚಿದ. ಮನೆಯೊಳಗೆ ಹಾಕುವ ಜಾತಿಯ ಲ್ಯಾಂಪು, ಒಳಗೆ ಧೂಳು, ಧೂಳಿನ ಮೇಲೆ ನೀರು. ವೈರಿನ ಸಿಪ್ಪೆ ತಗಡಿಗೆ ಉಜ್ಜಿ ಹರಿದಿತ್ತು. ಕರೆಂಟು ಒದ್ದೆ ಕಂಬದ ಮೂಲಕ ಗೇಟಿನ ತಿರುಗುಣಿಗೆ ಬಂದಿತ್ತು. ಆಮೇಲೆ ಅರ್ಥಿಂಗ್ ಗುಂಡಿ ನೋಡಿದ.

"ಹಜರತ್, ಮ್ಯಾಲ ಅಷ್ಟೇ ನೆನದದ ರೀ. ಎರಿ ಮಣ್ಣು ಬ್ಯಾಸಗ್ಯಾಗ ಬಾಯಿ ಬಿಡ್ತದ. ತಗ್ಗಿಗೆ ನೀರು ಹಾಕ್ತಿರಬೇಕು. ಯಾರೂ ಹೇಳಿಲ್ಲೇನ್ರಿ?"

ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಆ ಮಣ್ಣು ಗೊತ್ತಿರಬೇಕು. ನಮ್ಮ ಕರಾವಳಿಯಲ್ಲಿ ಕಷ್ಟ ಬೇರೆ ರೀತಿಯದ್ದು. ನಾಲ್ಕು ತಿಂಗಳು ಮಳೆ, ನೀರು ಕುಡಿದು ನಿಂತ ಮುರಕಲ್ಲಿನ ಗೋಡೆ, ಕಡಲ ಬದಿಯಲ್ಲಾದರೆ ಸ್ಕ್ರೂ ತಿನ್ನುವ ಉಪ್ಪುಗಾಳಿ. ಉಳ್ಳಾಲದಲ್ಲಿ ಕೆಲಸ ಮಾಡಿ ಬೆಳೆದವನಿಗೆ ಇದು ಗೊತ್ತಿರುತ್ತದೆ, ಬಾಕ್ಸ್ ಕಳಿಸುವ ಕಂಪೆನಿಗೆ ಗೊತ್ತಿರುವುದಿಲ್ಲ. ಹೊರಗೆ ಹಾಕುವ ಲ್ಯಾಂಪಿನ ಬಾಕ್ಸ್ ಮೇಲೆ ಐಪಿ 65 ಎಂದು ಇದೆಯೇ ನೋಡಿ. 6 ಎಂದರೆ ಧೂಳು ಒಳಗೆ ಹೋಗುವುದಿಲ್ಲ, 5 ಎಂದರೆ ನೀರು ಚಿಮ್ಮಿದರೂ ತಡೆಯುತ್ತದೆ. ಐಪಿ 20 ಇದ್ದರೆ ಅದು ಹಾಲ್‌ನ ಒಳಗೇ ಇರಲಿ.

ಇನ್ನೊಂದು ವಿಷಯ ಆ ದಿನ ಕಲಿತೆ. "ಎಂಸಿಬಿ ಇದೆಯಲ್ಲ, ಅದು ಯಾಕೆ ಬೀಳಲಿಲ್ಲ?" ಎಂದು ಕೇಳಿದ್ದೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಲೋಡು ಹೆಚ್ಚಾದರೆ, ಶಾರ್ಟ್ ಆದರೆ ಬೀಳುತ್ತದೆ. ಮಗುವಿನ ಮೈಯಲ್ಲಿ ಹರಿಯುವಷ್ಟು ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಮನುಷ್ಯನನ್ನು ಕಾಯಲು ಇರುವುದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್‌ನದ್ದು ಹಾಕಿದ್ದರೆ ಅಷ್ಟು ಸೋರಿದ ಕೂಡಲೇ ಲೈನು ಕಟ್. ಒಂದು ಝೂಮರಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಅದಿದೆ?

ಊರಿನವನು ಎಂದ ಮಾತ್ರಕ್ಕೆ ಯಾರನ್ನೂ ಏಣಿ ಹತ್ತಿಸಬೇಡಿ. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ವೈರ್‌ಮನ್ ಪರ್ಮಿಟ್, ಮೇಲ್ವಿಚಾರಕರ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಎಂದು ಇವೆ. ಹೊಸ ಮನೆಗೆ ಕರೆಂಟು ಪಡೆಯುವಾಗ ಲೈಸೆನ್ಸ್ ಇರುವ ಗುತ್ತಿಗೆದಾರನ ಸಹಿ ಬೇಕು. ನಮ್ಮಲ್ಲಿ ಆಗುವುದೇನೆಂದರೆ ಸಹಿ ಒಬ್ಬನದು, ಕೆಲಸ ಇನ್ನೊಬ್ಬನದು. ಸಹಿ ಹಾಕಿದವನು ಮನೆಗೆ ಕಾಲಿಟ್ಟಿರುವುದಿಲ್ಲ. ಪರ್ಮಿಟ್ ತೋರಿಸು ಎಂದು ಕೇಳಲು ನಮಗೆ ಸಂಕೋಚ, "ನಮ್ಮ ಅಬ್ಬುಕಾಕನ ಮಗನೇ ಅಲ್ವಾ" ಅಂತ. ಕೇಳಿ. ಕೆಲಸ ಬಲ್ಲವನಿಗೆ ಬೇಜಾರಾಗುವುದಿಲ್ಲ.

ಮದುವೆ, ಮೀಲಾದ್, ಉರೂಸ್ ಬಂತೆಂದರೆ ಇನ್ನೂ ಭಯ. ಹದಿನೆಂಟು ಇಪ್ಪತ್ತರ ಹುಡುಗರು ರಾತ್ರಿ ಕಂಬ ಹತ್ತಿ ಸೀರಿಯಲ್ ಸೆಟ್ ಕಟ್ಟುತ್ತಾರೆ, ಮೇಲಿನ ತಂತಿಗೇ ಕೊಕ್ಕೆ ಹಾಕುತ್ತಾರೆ. ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಕಳವು. ಮೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕ ಕೇಳಿದರೆ ಕೊಡುತ್ತಾರೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಸಿನಿಮಾ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ತೀರಿಹೋದರು. ನಮ್ಮ ಹುಡುಗರು ಹಿಡಿಯುವ ಅಲ್ಯೂಮಿನಿಯಂ ಏಣಿಯೂ ಅಂಥದ್ದೇ.

ಕೂಲಿಯ ಮಾತು. ಕೆಲಸ ಇಂತಿಷ್ಟು, ಕೂಲಿ ಇಂತಿಷ್ಟು ಎಂದು ಮೊದಲೇ ಗೊತ್ತಾಗಬೇಕು ಎಂಬುದು ಇಜಾರದ ಪಾಠದ ಮೊದಲ ಪುಟದಲ್ಲೇ ಇದೆ. ಬೆವರು ಆರುವ ಮುಂಚೆ ಕೂಲಿ ಕೊಡಬೇಕೆಂದು ಮಿಂಬರಿನಿಂದ ಕೇಳದವರು ಯಾರು? ಆದರೂ ಲ್ಯಾಂಪಿನ ಅಂಗಡಿಯಲ್ಲಿ ಬಾಯಿ ಬಿಡದೆ ಹಣ ಎಣಿಸಿದ ನಾವು, ಗುಂಡಿ ತೋಡಿ ಇದ್ದಿಲು ಉಪ್ಪು ಹಾಕುವವನ ಹತ್ತಿರ ಐನೂರಕ್ಕೆ ಚರ್ಚೆ ಮಾಡುತ್ತೇವೆ. ಆಗ ಅವನು ಏನು ಮಾಡುತ್ತಾನೆ? ಗುಂಡಿಯ ಆಳ ಕಡಿಮೆ ಮಾಡುತ್ತಾನೆ. ಮಣ್ಣು ಮುಚ್ಚಿದ ಮೇಲೆ ನಮಗೆ ಕಾಣುವುದಿಲ್ಲವಲ್ಲ. ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಕಲಿತ ನಮ್ಮದೇ ಮಕ್ಕಳು ಊರಲ್ಲಿ ನಿಲ್ಲದೆ ಜುಬೈಲಿಗೆ, ದಮ್ಮಾಮಿಗೆ ಹೋಗುವುದರಲ್ಲಿ ಈ ಚರ್ಚೆಯ ಪಾಲೂ ಇದೆ ಅಂತ ನನಗೆ ಅನಿಸುತ್ತದೆ.

ಊರಿನವನು ಬಿಲ್ಲಿನ ಲೆಕ್ಕವನ್ನೂ ಹೇಳುತ್ತಾನೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಕೊಟ್ಟ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. 50 ವ್ಯಾಟಿನ ಒಂದು ಫ್ಲಡ್ ಲೈಟು ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ 18 ಯೂನಿಟ್, ನಾಲ್ಕಿದ್ದರೆ 72. ಮನೆಯಲ್ಲಿ ಉಮ್ಮ ಒಬ್ಬರೇ ಇರುವಾಗ ತೆಂಗಿನ ಮರಕ್ಕೆ ಯಾಕೆ ಬೆಳಕು? ಗೇಟಿಗೊಂದು, ಬಾವಿಕಟ್ಟೆಗೊಂದು 9 ವ್ಯಾಟಿನ ಬಲ್ಬು, ಅದಕ್ಕೊಂದು ಟೈಮರ್ ಸಾಕು.

ಕೊಡೇಕಲ್‌ನಲ್ಲಿ ಎರಡನೇ ಸಲದ ಕೆಲಸಕ್ಕೆ ಮೊದಲ ಸಲ ಉಳಿಸಿದ್ದಕ್ಕಿಂತ ಹೆಚ್ಚು ಹೋಯಿತು. ಕೂಲಿಯನ್ನು ಅವನು ಹೇಳಿದಷ್ಟೇ ಕೊಟ್ಟೆವು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಪಾಳಿ ಈಗ ದೊಡ್ಡ ಮಕ್ಕಳದು. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವುದು ನನ್ನ ಕೆಲಸ. ಟಕ್ ಎಂದು ಫ್ಯಾನು ನಿಂತಾಗ ಮಕ್ಕಳೆಲ್ಲ "ಕರೆಂಟ್ ಹೋತ್ರಿ" ಎಂದು ಕೂಗುತ್ತಾರೆ. ಆ ಎಂಟು ವರ್ಷದವನು ಮಾತ್ರ ಎದ್ದು ಬಂದು, ಬಟನ್ ಸರಿಯಾಗಿ ಬಿದ್ದಿದೆಯೇ ಎಂದು ಬೋರ್ಡಿನ ಹತ್ತಿರ ನಿಂತು ನೋಡುತ್ತಾನೆ.