ಹೃದಯದ ಹಿಂಬಾಗಿಲು

ಸರಕಾರಿ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುವ ನಮಗೆ ಹಿಂಬಾಗಿಲ ವ್ಯವಹಾರ ಹೊಸದಲ್ಲ. ಆದರೆ ಮನುಷ್ಯನ ಹೃದಯಕ್ಕೂ ಹಿಂಬಾಗಿಲು ಇರಬಹುದೆಂದು ತಿಳಿದದ್ದು ಈ ಮಳೆಗಾಲದಲ್ಲಿ.

ಧಾರವಾಡದ ನಮ್ಮ ಅಕ್ಕನ ಮಗ ಮುಂಬಯಿಯಲ್ಲಿ ನಮ್ಮ ಮನೆಯಲ್ಲಿದ್ದು ಓದುತ್ತಾನೆ. "ಮಾಮಾ, ಎದಿ ಮತ್ತ ಓಡ್ಲಿಕ್ಕತ್ತದ" ಎನ್ನುವನು. ಹತ್ತು ನಿಮಿಷದಲ್ಲಿ ಸರಿಹೋಗುವನು. ಪರೀಕ್ಷೆಯ ಭಯ, ಕಾಫಿ ಕಡಿಮೆ ಮಾಡು ಎಂದೆವು. ಕೊನೆಗೆ ಡಾಕ್ಟರೊಬ್ಬರು, ಹುಡುಗ ನೆಟ್ಟಗಿದ್ದಾಗಲೇ ಇ.ಸಿ.ಜಿ. ತೆಗೆಸಿ, ಒಂದು ಗೆರೆಯ ಮೇಲೆ ಬೆರಳಿಟ್ಟರು. ಪ್ರತಿ ಬಡಿತದ ಗೆರೆಯೂ ಥಟ್ಟನೆ ಏಳುವ ಬದಲು ಬುಡದಲ್ಲಿ ಓರೆಯಾಗಿ ತೊಡಗಿತ್ತು. ಅದಕ್ಕೆ ಡೆಲ್ಟಾ ಅಲೆ ಎನ್ನುತ್ತಾರಂತೆ.

ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟಿದ ವಿದ್ಯುತ್ತಿನ ಆಜ್ಞೆ ಕೆಳಗಿನ ಕೋಣೆಗಳಿಗೆ ಇಳಿಯಲು ಇರುವುದು ಒಂದೇ ರಾಜಮಾರ್ಗ. ಅಲ್ಲಿ ಎ.ವಿ. ನೋಡ್ ಎಂಬ ಹೆಡ್ ಗುಮಾಸ್ತರು ಕುಳಿತು, ಪ್ರತಿ ಫೈಲನ್ನೂ ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ತಡೆದು ಕಳಿಸುತ್ತಾರೆ. ಅಷ್ಟರಲ್ಲಿ ಕೆಳಗಿನ ಕೋಣೆ ರಕ್ತ ತುಂಬಿಕೊಳ್ಳುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಇನ್ನೊಂದು ಎಳೆ ಉಳಿದಿರುತ್ತದೆ, ಅಲ್ಲಿ ತಡೆಯುವವರಿಲ್ಲ. ಆಜ್ಞೆ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಗಿರಕಿ ಹೊಡೆದರೆ ಎದೆ ಓಡತೊಡಗುತ್ತದೆ. ಅಪರೂಪಕ್ಕೆ ಪ್ರಾಣಕ್ಕೂ ಸಂಚಕಾರವುಂಟು. 1930ರಲ್ಲಿ ವುಲ್ಫ್, ಪಾರ್ಕಿನ್‌ಸನ್, ವೈಟ್ ಎಂಬ ಮೂವರು ವೈದ್ಯರು ಇದನ್ನು ವರ್ಣಿಸಿದರು.

ಬಾಗಿಲು ಎಲ್ಲಿದೆ? ಇ.ಸಿ.ಜಿ.ಯ 12 ಗೆರೆಗಳು 12 ಕಡೆ ನಿಂತ ಸಾಕ್ಷಿಗಳು. ಎದೆಮೂಳೆಯ ಬಲಕ್ಕೆ ನಿಂತ ವಿ-1 ಎಂಬ ಸಾಕ್ಷಿಯಲ್ಲಿ ಓರೆ ಮೇಲಕ್ಕೆದ್ದರೆ, ವಿದ್ಯುತ್ತು ತನ್ನತ್ತ ಬರುತ್ತಿದೆ ಎಂದರ್ಥ, ಬಾಗಿಲು ಎಡಕ್ಕಿದೆ. ಕೆಳಕ್ಕಿಳಿದರೆ, ಸಾಮಾನ್ಯವಾಗಿ ಬಲಕ್ಕೆ ಅಥವಾ ನಡುಗೋಡೆಯಲ್ಲಿ.

1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೀಲಿ ಎಂಬ ಶಸ್ತ್ರವೈದ್ಯರು ಒಬ್ಬ ಮೀನುಗಾರನ ಎದೆ ತೆರೆದು ಇಂಥ ಎಳೆಯನ್ನು ಕತ್ತರಿಸಿದರು. ಈಗ ತೊಡೆಯ ರಕ್ತನಾಳದಿಂದ ಸಣ್ಣ ತಂತಿ ತೂರಿಸಿ ಸುಡುತ್ತಾರೆ. ಕರಾರುವಾಕ್ಕಾದ ಜಾಗವನ್ನು ಆ ತಂತಿಯೇ ಹುಡುಕಬೇಕು. ಆದರೆ ದಿಕ್ಕು ತೋರುವುದು ಕಾಗದ. ಹಿಂಬಾಗಿಲು ಹೆಡ್ ಗುಮಾಸ್ತರ ಪಕ್ಕದಲ್ಲೇ ಇದ್ದು ಕೈ ತಪ್ಪಿತೋ, ಅವರ ಮೇಜೇ ಸುಟ್ಟೀತು. ಆಮೇಲೆ ಬಾಳೆಲ್ಲ ಪೇಸ್‌ಮೇಕರು. ಮೊದಲೇ ತಿಳಿದಿದ್ದರೆ ವೈದ್ಯರು ಅಷ್ಟು ಎಚ್ಚರ ವಹಿಸಬಹುದು.

ನಮ್ಮ ಹುಡುಗನದು ಎಡಗಡೆ. ಚಿಕಿತ್ಸೆ ಮುಗಿದು ಈಗ ಮೆಟ್ಟಿಲು ಹಾರಿ ಹತ್ತುತ್ತಾನೆ. ಆದರೆ ಅಕ್ಕ ಬಂದಾಗ ಊರಿನಲ್ಲಿ ಮೂರು ವರ್ಷದ ಹಿಂದೆ ತೆಗೆಸಿದ್ದ ಇ.ಸಿ.ಜಿ.ಯನ್ನು ತಂದಿದ್ದಳು. ಗೆರೆ ಮಾಸಿತ್ತು, ಅದೇ ಓರೆ ಅದರಲ್ಲೂ ಇತ್ತು. ಆಗ ಯಾರೂ ಗಮನಿಸಿರಲಿಲ್ಲ. ನಾವೋ, ಕಾಫಿಯನ್ನು ಬೈಯುತ್ತ ಕುಳಿತಿದ್ದೆವು.

ಓದುಗ ಬಂಧುಗಳೇ, ಎದೆ ಓಡುತ್ತದೆಂದು ಮಕ್ಕಳು ಹೇಳಿದರೆ ವೈದ್ಯರಿಗೆ ತೋರಿಸಿ. ಇ.ಸಿ.ಜಿ. ಕಾಗದದ ಅಕ್ಷರ ಅಳಿಸಿಹೋಗುವಂಥದು. ಅಂದೇ ಒಂದು ಜೆರಾಕ್ಸ್ ತೆಗೆಸಿಡಿ. ಫೈಲು ಜೋಪಾನ ಮಾಡುವುದೊಂದನ್ನಾದರೂ ಗುಮಾಸ್ತರಿಂದ ಕಲಿಯಬಹುದಲ್ಲವೆ?