ತೊಂಬೆಗೂ ಜಾತಿಸೂತಕವೇ?



2022ರ ಸೆಪ್ಟೆಂಬರಿನಲ್ಲಿ ನಮ್ಮ ಜಡಿಗೇನಹಳ್ಳಿ ಹೋಬಳಿಯ ನೆರೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ನಡೆದದ್ದು ಓದುಗರಿಗೆ ನೆನಪಿರಬಹುದು. ಭೂತಮ್ಮನ ಉತ್ಸವದ ಹೊತ್ತಿಗೆ ದಲಿತ ಬಾಲಕನೊಬ್ಬ ದೇವರ ಗುಜ್ಜುಕೋಲು ಮುಟ್ಟಿದನೆಂದು ಅವನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಎಂದರು. ನಮ್ಮ ಕಡೆಯ ಲಿಂಗವಂತರಲ್ಲಿ ನನಗೆ ಪರಿಚಯದವರೆಲ್ಲ ಆಗ ಕೆಂಡವಾದರು. ‘ನೋಡಿ ಸರ್, ಬಸವಣ್ಣನವರನ್ನು ಒಪ್ಪದ ಊರುಗಳ ಪಾಡು ಇದೇ’ ಎಂದವರೂ ಉಂಟು.

ಎರಡು ತಿಂಗಳು ಕಳೆಯಿತು. ನವೆಂಬರ್ 18ರಂದು ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರಕ್ಕೆ ಮದುವೆಗೆ ಬಂದಿದ್ದ ದಲಿತ ಮಹಿಳೆಯೊಬ್ಬರು ಬಾಯಾರಿ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು. ತೊಂಬೆಯ ನೀರನ್ನೆಲ್ಲ ಹೊರಗೆ ಬಿಟ್ಟು ಗೋಮೂತ್ರ ಹಾಕಿ ತೊಳೆದರೆಂದು ಪತ್ರಿಕೆಗಳಲ್ಲಿ ಬಂತು. ತಹಶೀಲ್ದಾರರು ಹೋಗಿ ದಲಿತ ಯುವಕರನ್ನು ಜೊತೆಗೆ ಕರೆದುಕೊಂಡು ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಆ ಬೀದಿ ಯಾವುದು? ಲಿಂಗಾಯತರ ಬೀದಿ. ಈ ಸಲ ನಮ್ಮ ಬಂಧುಗಳು ಕೆಂಡವಾಗಲಿಲ್ಲ. ‘ಯಾರೋ ಒಬ್ಬರು ಮಾಡಿದ್ದಕ್ಕೆ ಇಡೀ ಸಮಾಜವನ್ನು ದೂರಬಾರದು’ ಎಂದರು. ಉಳ್ಳೇರಹಳ್ಳಿಯವರಿಗೆ ಈ ರಿಯಾಯಿತಿ ಕೊಟ್ಟಿರಲಿಲ್ಲ.

ನಮ್ಮ ಹೋಬಳಿಯಲ್ಲಿ ನಾವು ಊರಿಗೆ ನಾಲ್ಕೈದು ಮನೆಯವರು. ಅಲ್ಪಸಂಖ್ಯೆಯಲ್ಲಿ ಇರುವ ಕಡೆ ಸಮಾನತೆಯ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಬೀದಿಯೇ ನಮ್ಮದಾಗಿರುವ ಊರಿನಲ್ಲಿ ಹೇಗಿದ್ದೇವೆ ಎಂಬುದೇ ಪರೀಕ್ಷೆ.

ತತ್ವದ ಕಡೆಯಿಂದ ನೋಡೋಣ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಶರಣರು ಸಾರಿದರು. ಅಷ್ಟಾವರಣದಲ್ಲಿ ಪಾದೋದಕವಿದೆ, ವಿಭೂತಿಯಿದೆ, ಗೋಮೂತ್ರವಿಲ್ಲ. ಒಬ್ಬರ ಬೊಗಸೆ ತಾಗಿ ನೀರು ಕೆಟ್ಟಿತೆಂದು ನಂಬಿದವನು ಜಾತಿಸೂತಕವನ್ನು ಒಪ್ಪಿದ. ಅದಕ್ಕೆ ಗೋಮೂತ್ರದ ಪರಿಹಾರ ಹುಡುಕಿದವನು ಶರಣರು ಬಿಟ್ಟುಬಂದ ಮನೆಗೇ ಮರಳಿದ. ಕೊರಳಲ್ಲಿ ಇಷ್ಟಲಿಂಗ ಇದ್ದರೇನು ಬಂತು? ಕಂಬಳಿಯ ನಾಗಿದೇವರ ಮನೆಗೆ ಬಸವಣ್ಣನವರು ಹೋದುದಕ್ಕೆ ಬಿಜ್ಜಳನ ಬಳಿ ದೂರು ಹೋಯಿತೆಂದು ಹರಿಹರ ತನ್ನ ರಗಳೆಯಲ್ಲಿ ಬರೆದಿದ್ದಾನೆ. ಹೆಗ್ಗೊಠಾರದಲ್ಲಿ ದೂರು ಕೊಟ್ಟವರ ಸಾಲಿನಲ್ಲಿ ನಿಂತದ್ದು ನಮ್ಮ ಹೆಸರಿನ ಬೀದಿ.

1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಆಮೇಲೆ ಅಲ್ಲಿಯ ಸವರ್ಣೀಯರು 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದುಮಾಡಿತು, 15ನೇ ವಿಧಿಯಂತೂ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರು ಹಿಡಿದೇ ಹೇಳಿತು. ತೊಂಬತ್ತೈದು ವರ್ಷದ ಮೇಲೆ ಬದಲಾದದ್ದು ಇಷ್ಟೇ: ಕೆರೆಯ ಜಾಗದಲ್ಲಿ ತೊಂಬೆ.

ಕುಡಿಯುವ ನೀರಿನ ಕೆಲಸದಲ್ಲಿ ವರ್ಷಗಟ್ಟಲೆ ತಿರುಗಿದವನಾಗಿ ಒಂದು ಮಾತು ಹೇಳಬೇಕು. ನೀರಿನಲ್ಲಿ ರೋಗಾಣು ಇದ್ದರೆ ಮದ್ದು ಬ್ಲೀಚಿಂಗ್ ಪೌಡರ್. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ನಲ್ಲಿಯ ತುದಿಯಲ್ಲಿ ಉಳಿದಿರಬೇಕೆಂದು ಮಾನಕ ಹೇಳುತ್ತದೆ. ಗೋಮೂತ್ರ ಸುರಿದರೆ ನೀರು ಕೆಡುತ್ತದೆ, ಅಷ್ಟೇ.

ತೊಂಬೆಗೆ ಜಾತಿ ಅಂಟುವುದು ಹೇಗೆ? ಕೊಳವೆಬಾವಿ ಕೊರೆದು, ಮೋಟಾರು ಕೂರಿಸಿ, ಬೀದಿಯಲ್ಲಿ ನಾಲ್ಕು ನಲ್ಲಿಯ ತೊಂಬೆ ಕಟ್ಟುವುದು ಕಿರು ನೀರು ಸರಬರಾಜು ಯೋಜನೆ. ಪರಿಶಿಷ್ಟರ ಅನುದಾನ ಅವರ ಕಾಲೊನಿಯಲ್ಲೇ ಖರ್ಚಾಗಬೇಕು; ಹಾಗಾಗಿ ಅಲ್ಲೊಂದು ತೊಂಬೆ. ಈ ನಿಯಮ ಸರಿಯಾದದ್ದೇ. ಅದಿಲ್ಲದಿದ್ದರೆ ಎಷ್ಟೋ ಕಾಲೊನಿಗಳಿಗೆ ಪೈಪೇ ಮುಟ್ಟುತ್ತಿರಲಿಲ್ಲ. ಆದರೆ ಊರು ಅದನ್ನು ಓದಿಕೊಂಡ ಬಗೆ ಬೇರೆ: ‘ಅವರಿಗೆ ಅಲ್ಲಿದೆಯಲ್ಲ, ಇಲ್ಲಿಗೇಕೆ ಬರಬೇಕು?’ ಅಂದಾಜುಪಟ್ಟಿಯ ತಲೆಬರಹದಲ್ಲಿಯೂ ‘ಲಿಂಗಾಯತರ ಬೀದಿ’, ‘ಕುರುಬರ ಬೀದಿ’, ‘ಎ.ಕೆ. ಕಾಲೊನಿ’. ನೀರುಗಂಟಿಯ ಬಾಯಲ್ಲೂ ಅದೇ ಹೆಸರು. ಕಾಗದದ ಮೇಲೆ ಹಾಗೆ ಬರೆದು ಸರ್ಕಾರದ ಮೊಹರು ಬಿದ್ದ ಮೇಲೆ, ತೊಂಬೆ ಆ ಜಾತಿಯವರ ಸ್ವತ್ತೆಂದು ಜನ ತಿಳಿದರೆ ಆಶ್ಚರ್ಯವೇನು?

2019ರಲ್ಲಿ ಬಂದ ಜಲಜೀವನ್ ಮಿಷನ್ ಮನೆಮನೆಗೂ ನಲ್ಲಿ, ತಲಾ ದಿನಕ್ಕೆ 55 ಲೀಟರ್ ನೀರು ಎನ್ನುತ್ತದೆ. ಒಳ್ಳೆಯ ಯೋಜನೆ, ಹೆಣ್ಣುಮಕ್ಕಳ ಸೊಂಟಕ್ಕೆ ಬಿಡುವು ಸಿಕ್ಕಿತು. ಇನ್ನು ನೀರಿನ ಜಗಳ ಇರದು ಎಂದು ಕೆಲವರ ಲೆಕ್ಕ. ನನಗೆ ಹಾಗನಿಸುವುದಿಲ್ಲ. ಕೊಡ ಹಿಡಿದು ಒಂದೇ ಕಡೆ ನಿಲ್ಲಬೇಕಾದ ಜಾಗ ಇಲ್ಲವಾಯಿತು, ಅಷ್ಟೇ. ಹೆಗ್ಗೊಠಾರದಲ್ಲಿ ಆ ತಾಯಿ ಪರಊರಿನವರು. ದಾರಿಹೋಕರಿಗೆ ನೀರು ಬೇಕಾದಾಗ ಮನೆಯೊಳಗಿನ ನಲ್ಲಿಯ ಮುಂದೆ ಯಾರನ್ನು ಬಿಡುತ್ತೇವೆ, ಯಾವ ಲೋಟ ಕೊಡುತ್ತೇವೆ ಎಂಬುದನ್ನು ಯಾವ ತಹಶೀಲ್ದಾರರೂ ಬಂದು ನೋಡುವುದಿಲ್ಲ.

ನಗುಬರುವ ಸಂಗತಿಯೂ ಒಂದಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ಕೋಲಾರದ ಕಡೆಯ 126 ಕೆರೆಗಳಿಗೆ ತುಂಬಿಸಲು ಹೊರಟರು. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅದು ಎಲ್ಲ ಜಾತಿಯ ಬಚ್ಚಲಿನ ನೀರು. ಸಂಸ್ಕರಣೆ ಸಾಲದು ಎಂದು ಆಕ್ಷೇಪ ಎತ್ತಿದವರಿದ್ದರು, ಅದು ನ್ಯಾಯವಾದ ಆಕ್ಷೇಪ. ಯಾರ ಮನೆಯ ನೀರು ಎಂದು ಯಾವ ರೈತನೂ ಕೇಳಲಿಲ್ಲ.

ಈಗ ಆಗಬೇಕಾದ ಕೆಲಸ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು, ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಬಂತು. ಭಾವಚಿತ್ರದ ಕೆಳಗಿನ ಕಪಾಟಿನ ವಹಿಯಲ್ಲಿ ‘ಲಿಂಗಾಯತರ ಬೀದಿ’ ಹಾಗೇ ಇರಬೇಕೇ? ಮಹಾರಾಷ್ಟ್ರದ ಸಂಪುಟ 2020ರಲ್ಲೇ ವಸತಿಗಳ ಜಾತಿಸೂಚಕ ಹೆಸರು ತೆಗೆಯಲು ನಿರ್ಧರಿಸಿತು. ಕೇರಳ 2024ರಲ್ಲಿ ‘ಕಾಲೊನಿ’ ಎಂಬ ಪದವನ್ನೇ ಕೈಬಿಟ್ಟಿತು. ನಾವು ಆದೇಶಕ್ಕೆ ಕಾಯಬೇಕಿಲ್ಲ. ನಮ್ಮ ಪೂಜ್ಯರು ಊರೂರಿನ ಶಿವಾನುಭವ ಗೋಷ್ಠಿಗಳಲ್ಲಿ ಈ ಮಾತೆತ್ತಲಿ. ಹೆಸರು ಬದಲಿಸಲು ಗ್ರಾಮಸಭೆಗೆ ಒಂದು ಹಾಳೆ ಅರ್ಜಿ ಸಾಕು.

ಹೆಸರು ತೆಗೆದರೆ ಜಾತಿ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಆದರೆ ಮುಂದೆ ಯಾರಾದರೂ ತೊಂಬೆಯ ನೀರು ಚೆಲ್ಲಹೊರಟರೆ, ಅದು ‘ನಮ್ಮದು’ ಎನ್ನಲು ಅವನ ಕೈಯಲ್ಲಿ ಸರ್ಕಾರದ ಕಾಗದ ಇರುವುದಿಲ್ಲ. ಅರ್ಜಿಗೆ ಮೊದಲ ಸಹಿ ಆ ಬೀದಿಯ ಲಿಂಗವಂತರದ್ದೇ ಇರಲಿ. ದಲಿತರು ಕೇಳಿ, ನಾವು ಒಪ್ಪಿದಂತೆ ಆಗುವುದು ಬೇಡ.