ಹೊಟ್ಟೆ ಕರಗಿಸಲು ಊಟ ಬಿಡಬೇಕೆ?

ಕನ್ನಡಿಯ ಮುಂದೆ ಅಂಗಿ ಎತ್ತಿ ನೋಡಿಕೊಳ್ಳುವ ಮಗ ರಾತ್ರಿಯೂಟ ಬಿಟ್ಟರೆ ತಾಯಿಗೆ ಆತಂಕ ಸಹಜ. ಸಿನಿಮಾ ನಾಯಕನ ‘ಸಿಕ್ಸ್ ಪ್ಯಾಕ್’ ಸ್ನಾಯು ಎಲ್ಲರ ಹೊಟ್ಟೆಯಲ್ಲೂ ಇದೆ. ಕೊಬ್ಬಿನ ಪದರ ಅದನ್ನು ಮುಚ್ಚಿರುತ್ತದೆ. ಸಿಟ್‌ಅಪ್‌ನಿಂದ ಸ್ನಾಯು ಬಲಿಯುತ್ತದೆಯೇ ಹೊರತು ಹೊಟ್ಟೆಯ ಕೊಬ್ಬು ಮಾತ್ರ ಕರಗದು.

ಬೆಳೆಯುವ ವಯಸ್ಸಿನಲ್ಲಿ ಉಪವಾಸ ಮಾಡಿದರೆ ಸ್ನಾಯುವೂ ಸೊರಗುತ್ತದೆ, ಪಾಠವೂ ತಲೆಗೆ ಹತ್ತದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಓಟ, ಈಜು, ಕಬಡ್ಡಿ ಯಾವುದಾದರೂ ಸರಿ; ವಾರಕ್ಕೆ 3 ದಿನ ದಂಡ, ಬಸ್ಕಿಯೂ ಇರಲಿ. ತಟ್ಟೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪು, ಮೊಟ್ಟೆ ಇಲ್ಲವೇ ಮೊಸರು ಇರಲಿ. ಕರಿದ ತಿಂಡಿ, ತಂಪು ಪಾನೀಯ ಕಡಿಮೆಯಾಗಲಿ.

ಸ್ಟೆರಾಯ್ಡ್ ಮಾತ್ರ ಬೇಡವೇ ಬೇಡ. ಹದಿಹರೆಯದಲ್ಲಿ ಅದು ಎತ್ತರ ಬೆಳೆಯುವುದನ್ನೇ ನಿಲ್ಲಿಸಿಬಿಡಬಹುದು. ಹೊಟ್ಟೆಯ ಗೆರೆಗಳಿಗೆ ಕಾಯಬಹುದು, ಬೆಳೆಯುವ ವಯಸ್ಸು ಮತ್ತೆ ಬಾರದು.